ಓದುಗರ ಪ್ರಶ್ನೆ: ಕರ್ಣನೇ ಯಾಕೆ ಎಲ್ಲರಿಗೂ ಇಷ್ಟ?

ಪುರಾಣಗಳಲ್ಲಿ, ರಾಮಾಯಣ-ಮಹಾಭಾರತದಲ್ಲಿ ನಿಮಗೆ ಇಷ್ಟವಾದ ದೇವರು ಯಾರು, ವೀರ ಯಾರು, ಅವರ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಚೆನ್ನಾಗಿಯೇ ಬಂದಿವೆ. ರಾಮ, ಕೃಷ್ಣ, ಶಿವ, ಚಾಮುಂಡಿ ಎಲ್ಲರೂ ಇದ್ದಾರೆ. ಆದರೆ ಕರ್ಣನ ಹೆಸರು ಬಂದಷ್ಟು ಬೇರೆ ಯಾರದ್ದೂ ಬಂದಿಲ್ಲ. ಧರ್ಮರಾಯ ಇಷ್ಟ ಎಂದವರು ಒಬ್ಬರೂ ಇಲ್ಲ, ಪಾಪ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಎರಡೇ ಮಾತು. ಬೇಜಾರು ಮಾಡಿಕೊಳ್ಳಬೇಡಿ.

ಗೆದ್ದವನು ಅರ್ಜುನ. ಅವನ ರಥ ಹೊಡೆದವನು ಸಾಕ್ಷಾತ್ ಕೃಷ್ಣ. ಆದರೂ ಕರ್ಣ ಅಂದರೆ ನಮ್ಮ ಜನ ಕಣ್ಣೀರು ಹಾಕುತ್ತಾರೆ. ಯಾಕೆ? (ಹಾಸನ)

ಇದರ ಹೊಣೆಯನ್ನು ಬಹುಮಟ್ಟಿಗೆ ಪಂಪನ ಮೇಲೆ ಹಾಕಬಹುದು. ಅವನು ಸುಮಾರು 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದ. ವೇಮುಲವಾಡದ ಅರಿಕೇಸರಿ ಅವನ ದೊರೆ. ದೊರೆಯನ್ನೇ ಅರ್ಜುನನಿಗೆ ಸಮ ಮಾಡಿ ಬರೆದ ಕಾವ್ಯ ಅದು. ಎಷ್ಟರಮಟ್ಟಿಗೆ ಅಂದರೆ ಅಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಅಂಥ ಕಾವ್ಯದಲ್ಲಿ ಅರ್ಜುನನನ್ನು ಬಿಟ್ಟು ಇನ್ಯಾರನ್ನು ಹೊಗಳಬೇಕು ಹೇಳಿ. ಆದರೆ ಕರ್ಣ ಸತ್ತ ಜಾಗಕ್ಕೆ ಬಂದಾಗ ಪಂಪ ಎಲ್ಲವನ್ನೂ ಪಕ್ಕಕ್ಕಿಟ್ಟು, ಅಣ್ಣಾ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ಒಂದೇ ಮನಸ್ಸಿನಿಂದ ನೆನೆಯುವುದಾದರೆ ಕರ್ಣನನ್ನು ನೆನೆ ಅನ್ನುತ್ತಾನೆ. ಅನ್ನ ಹಾಕಿದ ದೊರೆಯ ಎದುರಿಗೇ ಈ ಮಾತು!

ಭಾನುಮತಿಯ ಮುತ್ತಿನ ಹಾರದ ಕಥೆಯೂ ಪಂಪನಲ್ಲಿದೆ. ದುರ್ಯೋಧನನ ಹೆಂಡತಿ ಕರ್ಣನ ಜೊತೆ ಪಗಡೆಯಾಡಿ ಸೋಲುತ್ತಾಳೆ. ಸೋತದ್ದನ್ನು ಕೊಡು ಎಂದು ಕರ್ಣ ಕಾಡುವಾಗ ಹಾರ ಹರಿದು ಮುತ್ತೆಲ್ಲ ಚೆಲ್ಲಿಹೋಗುತ್ತದೆ. ಅದನ್ನು ಕಂಡ ದುರ್ಯೋಧನ ಸಿಟ್ಟಾಗುವುದಿಲ್ಲ, ಅನುಮಾನ ಪಡುವುದಿಲ್ಲ. ಇವನ್ನು ನಾನು ಆಯ್ದುಕೊಡಲಾ ಅಂತಾನೆ, ಅಷ್ಟೇ. ಕೃಷ್ಣ ಬಂದು, ಪಾಂಡವರ ಕಡೆಗೆ ಬಾ, ರಾಜ್ಯ ನಿನ್ನದೇ ಅಂದಾಗ ಕರ್ಣ ನೆನೆಸಿಕೊಳ್ಳುವುದು ಇದನ್ನೇ. ಇಂಥ ದೊರೆಯನ್ನು ಬಿಟ್ಟು ನಿಮ್ಮ ಜೊತೆ ಬಂದರೆ ನಾನು ಕೀಳಲ್ಲವೇ ಅನ್ನುತ್ತಾನೆ.

ಇನ್ನು ಗದುಗಿನ ನಾರಣಪ್ಪ, ಅಂದರೆ ಕುಮಾರವ್ಯಾಸ. ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳುತ್ತಾನೆ. ಕರ್ಣನ ಗಂಟಲು ಕಟ್ಟುತ್ತದೆ, ಕಣ್ಣಲ್ಲಿ ನೀರು ಉಕ್ಕುತ್ತದೆ. ಆಗ ಅವನ ಮನಸ್ಸಿಗೆ ಬರುವ ಮಾತು ಯಾವುದು ಗೊತ್ತಾ? ಅಯ್ಯೋ, ಕುರುಪತಿಗೆ ಕೇಡಾಯಿತಲ್ಲ! ನಾನು ರಾಜನ ಮಗ, ಸೂತನ ಮಗನಲ್ಲ ಅಂತ ಹಿಗ್ಗುವುದಿಲ್ಲ. ಗಮಕಿಗಳು ಈ ಭಾಗ ಹಾಡುವಾಗ ಸಭೆ ಸ್ತಬ್ಧವಾಗುವುದು ಸುಮ್ನೆ ಅಲ್ಲ.

ಆದರೂ ಒಂದು ಮಾತು. ವ್ಯಾಸ ಭಾರತದ ಸಭಾಪರ್ವವನ್ನೂ ಒಮ್ಮೆ ಓದಿ. ತುಂಬಿದ ಸಭೆಯಲ್ಲಿ ದ್ರೌಪದಿಯ ಬಟ್ಟೆ ಸೆಳೆ ಎಂದು ದುಶ್ಶಾಸನನಿಗೆ ಹೇಳಿದ್ದು ಈ ಕರ್ಣನೇ. ಘೋಷಯಾತ್ರೆಯಲ್ಲಿ ಗಂಧರ್ವರು ಮೇಲೆ ಬಿದ್ದಾಗ ದುರ್ಯೋಧನನನ್ನು ಬಿಟ್ಟು ಓಡಿದ್ದೂ ಇವನೇ. ಅಭಿಮನ್ಯುವಿನ ಬಿಲ್ಲು ಕಡಿದದ್ದೂ ಇವನೇ. ನನಗೂ ಕರ್ಣ ಇಷ್ಟ. ಆದರೆ ಇದನ್ನೆಲ್ಲ ಮರೆತು ಇಷ್ಟಪಡುವವರ ಜೊತೆ ನನಗೆ ಜಗಳ ಇದೆ.

ದುರ್ಯೋಧನನನ್ನು ಕೂಡ ದೊಡ್ಡವನನ್ನಾಗಿ ಮಾಡಿದ್ದಾರಲ್ಲ ನಮ್ಮ ಕವಿಗಳು? ಅದು ಸರಿಯಾ? (ಬಾಗಲಕೋಟೆ)

ನೀವು ಬರೆದಿರುವುದು ಬಾಗಲಕೋಟೆಯಿಂದ. ಹಾಗೆ ಮಾಡಿದ ಕವಿಯೂ ನಿಮ್ಮ ಜಿಲ್ಲೆಯವನೇ! ರನ್ನ ಮುಧೋಳದವನು. ಬಳೆಗಾರರ ಮನೆಯ ಹುಡುಗ. ಮುಂದೆ ಚಾಲುಕ್ಯ ಸತ್ಯಾಶ್ರಯನ ಆಸ್ಥಾನ ಸೇರಿ ಗದಾಯುದ್ಧ ಬರೆದ. ಅಲ್ಲಿ ದೊರೆಯೇ ಭೀಮ. ಅಂದರೆ ಕಥಾನಾಯಕ ಭೀಮ. ಆದರೆ ಓದಿ ಮುಗಿಸಿದ ಮೇಲೆ ಕಣ್ಣ ಮುಂದೆ ನಿಲ್ಲುವುದು ದುರ್ಯೋಧನ.

ಯುದ್ಧ ಮುಗಿಯುತ್ತಾ ಬಂದಿದೆ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಿದ್ದಾನೆ. ಕಾಲಿಟ್ಟಲ್ಲೆಲ್ಲ ಹೆಣ. ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ, ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಹಾಗೆ ಹೋಗುತ್ತಾ ಅಭಿಮನ್ಯುವಿನ ಹೆಣ ಸಿಗುತ್ತದೆ. ಶತ್ರುವಿನ ಮಗ. ದುರ್ಯೋಧನ ಕೈ ಮುಗಿದು, ನಿನ್ನಂಥ ಸಾವು ನನಗೂ ಬರಲಿ ಎಂದು ಕೇಳಿಕೊಳ್ಳುತ್ತಾನೆ. ಆಮೇಲೆ ಭೀಷ್ಮನ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ದಡದಲ್ಲಿ ನಿಂತು ಭೀಮ ಗರ್ಜಿಸಿದಾಗ, ನೀರಿನ ಒಳಗಿದ್ದೂ ಅವನು ಬೆವರುತ್ತಾನೆ ಅಂತ ರನ್ನ ಬರೆಯುತ್ತಾನೆ. ಅದು ಭಯದ ಬೆವರಲ್ಲ, ಸಿಟ್ಟಿನದ್ದು. ಶಾಲೆಯಲ್ಲಿ ಕನ್ನಡ ಓದಿದ ಎಷ್ಟೋ ಜನರಿಗೆ ರನ್ನನ ಬೇರೇನು ನೆನಪಿಲ್ಲದಿದ್ದರೂ ಇದೊಂದು ನೆನಪಿರುತ್ತದೆ.

ಸರಿಯಾ ತಪ್ಪಾ ಅಂದರೆ, ರನ್ನ ದುರ್ಯೋಧನನನ್ನು ಒಳ್ಳೆಯವನು ಮಾಡಿಲ್ಲ. ಅವನ ಹಟವನ್ನು ಒಂಚೂರೂ ಕಡಿಮೆ ಮಾಡಿಲ್ಲ. ಸೋತವನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತಿದ್ದಾನೆ, ಅಷ್ಟೆ. ಗೆದ್ದವನ ಸಂಬಳ ತಿಂದು ಸೋತವನಿಗಾಗಿ ಅಳುವುದು ಪಂಪನಿಂದ ರನ್ನನಿಗೆ ಬಂದ ಅಭ್ಯಾಸ ಅಂತ ಕಾಣುತ್ತದೆ, ನಮ್ಮ ಓದುಗರಿಗೆ ಅದು ಅಂಟಿಕೊಂಡಿದೆ. ಅಂದ ಹಾಗೆ ಕೇರಳದ ಕೊಲ್ಲಂ ಜಿಲ್ಲೆಯ ಪೊರುವಳಿಯಲ್ಲಿ ಮಲನಡ ಅನ್ನೋ ಜಾಗ ಇದೆ, ಅಲ್ಲಿ ದುರ್ಯೋಧನನಿಗೆ ಗುಡಿಯೇ ಉಂಟು. ಹರಕೆಗೆ ಕಳ್ಳು ಕೊಡುತ್ತಾರೆ.

ಗಾಂಧಾರಿ ಕಣ್ಣುಪಟ್ಟಿ ಬಿಚ್ಚಿ ನೋಡಿದಾಗ ದುರ್ಯೋಧನನ ಮೈ ವಜ್ರವಾಯಿತು, ತೊಡೆ ಮಾತ್ರ ಉಳಿಯಿತು ಎನ್ನುತ್ತಾರೆ. ಇದು ಮಹಾಭಾರತದಲ್ಲಿ ಎಲ್ಲಿದೆ? (ಮೈಸೂರು, ಕಾಲೇಜು ವಿದ್ಯಾರ್ಥಿ)

ವ್ಯಾಸ ಭಾರತದಲ್ಲಿ ಇಲ್ಲ. ಟೀವಿಯಲ್ಲಿ ನೋಡಿರುತ್ತೀರಿ, ಅಜ್ಜಿಯರ ಬಾಯಲ್ಲಿ ಕೇಳಿರುತ್ತೀರಿ.

ಆದರೆ ವ್ಯಾಸರಲ್ಲಿ ಇರುವುದು ಇದಕ್ಕಿಂತ ಸ್ವಾರಸ್ಯವಾಗಿದೆ. ಗಂಧರ್ವರಿಂದ ಅವಮಾನವಾದ ಮೇಲೆ ದುರ್ಯೋಧನ ಊಟ ನೀರು ಬಿಟ್ಟು ಸಾಯಲು ಕೂರುತ್ತಾನೆ. ಆಗ ದಾನವರು ಅವನನ್ನು ಪಾತಾಳಕ್ಕೆ ಕರೆಸಿಕೊಂಡು ಸಮಾಧಾನ ಹೇಳುತ್ತಾರೆ. ನಿನ್ನನ್ನು ನಾವು ತಪಸ್ಸು ಮಾಡಿ ಶಿವನಿಂದ ಪಡೆದದ್ದು, ನಿನ್ನ ಮೈಯ ಮೇಲಿನ ಅರ್ಧ ವಜ್ರದ್ದು, ಕೆಳಗಿನ ಅರ್ಧವನ್ನು ದೇವಿ ಹೂವಿನಿಂದ ಮಾಡಿದ್ದಾಳೆ, ಹೆಂಗಸರಿಗೆ ಚೆಂದ ಕಾಣಲಿ ಅಂತ! ವನಪರ್ವದಲ್ಲಿದೆ. ಹೂವಿನ ತೊಡೆಗೆ ಗದೆಯ ಏಟು. ಇದರ ಮುಂದೆ ಕಣ್ಣುಪಟ್ಟಿಯ ಕಥೆ ನನಗೆ ಸಪ್ಪೆ.

ಗಾಂಧಾರಿಯ ನೋಟದ ಶಕ್ತಿಯ ಬಗ್ಗೆಯೂ ಒಂದು ಪ್ರಸಂಗ ಇದೆ, ಸ್ತ್ರೀಪರ್ವದಲ್ಲಿ. ಯುದ್ಧ ಮುಗಿದ ಮೇಲೆ ಧರ್ಮರಾಯ ಅವಳ ಕಾಲಿಗೆ ಬೀಳಲು ಬಗ್ಗುತ್ತಾನೆ. ಪಟ್ಟಿಯ ಸಂದಿನಿಂದ ಅವಳ ನೋಟ ಅವನ ಕಾಲ ಬೆರಳ ತುದಿಗೆ ಬೀಳುತ್ತದೆ. ಚೆಂದವಿದ್ದ ಉಗುರು ಅಷ್ಟಕ್ಕೇ ಕೆಟ್ಟುಹೋಗುತ್ತದೆ. ಅದನ್ನು ನೋಡಿದ ಅರ್ಜುನ ಮೆಲ್ಲಗೆ ಕೃಷ್ಣನ ಬೆನ್ನ ಹಿಂದೆ ಸರಿಯುತ್ತಾನೆ. ನೂರು ಮಕ್ಕಳನ್ನು ಕಳೆದುಕೊಂಡ ತಾಯಿಯ ಸಿಟ್ಟನ್ನು ತೋರಿಸಲು ಒಂದು ಉಗುರು ಸಾಕಾಯಿತು ನೋಡಿ.

ಗ್ರೀಕರ ಅಕಿಲೀಸನ ಹಿಮ್ಮಡಿಯ ಕಥೆಯೂ ಹೀಗೇ ಆಮೇಲೆ ಬಂದದ್ದು. ತಾಯಿ ಅವನನ್ನು ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳು ಅನ್ನುವ ಕಥೆ ಹೋಮರನ ಇಲಿಯಡ್‌ನಲ್ಲಿ ಇಲ್ಲ. ಅದು ನಮಗೆ ಸಿಗುವುದು ಎಷ್ಟೋ ನೂರು ವರ್ಷ ಆದಮೇಲೆ, ರೋಮಿನ ಕವಿ ಸ್ಟೇಷಿಯಸ್‌ನಲ್ಲಿ. ಅಂಥ ವೀರ ಸತ್ತನಲ್ಲ, ಎಲ್ಲೋ ಒಂದು ಕಡೆ ಮೆತ್ತಗಿರಲೇಬೇಕು ಅಂತ ಜನ ಹುಡುಕುತ್ತಾರೆ. ಎಲ್ಲ ಕಡೆಯೂ.

ಲಕ್ಷ್ಮಣ ರೇಖೆ ವಾಲ್ಮೀಕಿಯಲ್ಲಿ ಇದೆಯಾ? (ತುಮಕೂರು)

ಇಲ್ಲ. ಸೀತೆಯ ಬಿರುಸು ಮಾತು ತಡೆಯಲಾರದೆ, ವನದೇವತೆಗಳು ನಿನ್ನನ್ನು ಕಾಯಲಿ ಎಂದು ಹೇಳಿ ಲಕ್ಷ್ಮಣ ಹೊರಡುತ್ತಾನೆ. ಗೆರೆ ಎಳೆಯುವುದಿಲ್ಲ.

ಹನುಮಂತ ಹುಟ್ಟಿದ್ದು ನಮ್ಮ ಅಂಜನಾದ್ರಿಯಲ್ಲಿ ತಾನೇ? ತಿರುಪತಿಯವರು ಯಾಕೆ ಜಗಳ ತೆಗೆದರು? (ಗಂಗಾವತಿ)

ಗಂಗಾವತಿಯವರಿಗೆ ಬೇರೆ ಉತ್ತರ ಕೊಟ್ಟು ನಾನು ಆ ಕಡೆ ಬರುವುದು ಹೇಗೆ? ಆದರೂ ಪೂರ್ತಿ ಹೇಳಿಬಿಡುತ್ತೇನೆ. 2021ರ ರಾಮನವಮಿಗೆ ತಿರುಮಲ ತಿರುಪತಿ ದೇವಸ್ಥಾನದವರು ತಮ್ಮ ಏಳು ಬೆಟ್ಟಗಳಲ್ಲಿ ಒಂದಾದ ಅಂಜನಾದ್ರಿಯೇ ಹನುಮಂತ ಹುಟ್ಟಿದ ಜಾಗ ಎಂದು ಘೋಷಿಸಿದರು. ನಾಸಿಕದ ಹತ್ತಿರ ಅಂಜನೇರಿ ಇದೆ, ಅವರದ್ದೂ ಅದೇ ಮಾತು. ಜಾರ್ಖಂಡಿನ ಗುಮ್ಲಾ ಜಿಲ್ಲೆಯಲ್ಲಿ ಆಂಜನ್ ಅನ್ನೋ ಹಳ್ಳಿ, ಅಲ್ಲಿಯವರದ್ದೂ ಅದೇ. ನಮ್ಮಲ್ಲೇ ಗೋಕರ್ಣದ ಕಡೆಯವರು ಸುಮ್ಮನಿಲ್ಲ.

ವಾಲ್ಮೀಕಿಯಲ್ಲಿ ಈ ಕಥೆಯನ್ನು ಹೇಳುವವನು ಜಾಂಬವ. ಸಮುದ್ರ ಹಾರುವವರು ಯಾರು ಅಂತ ಕಪಿಗಳೆಲ್ಲ ಮುಖ ಮುಖ ನೋಡಿಕೊಳ್ಳುತ್ತಿರುವಾಗ, ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಹನುಮನಿಗೆ ಮುದುಕ ಜಾಂಬವ ಅವನ ಹುಟ್ಟನ್ನೇ ನೆನಪಿಸುತ್ತಾನೆ. ಅಪ್ಸರೆಯೊಬ್ಬಳು ಶಾಪದಿಂದ ಕಪಿಯಾಗಿ ಅಂಜನೆ ಅನ್ನೋ ಹೆಸರಲ್ಲಿ ಹುಟ್ಟಿದಳು, ಕೇಸರಿಯ ಹೆಂಡತಿಯಾದಳು, ಗುಹೆಯಲ್ಲಿ ನಿನ್ನನ್ನು ಹೆತ್ತಳು. ಯಾವ ಬೆಟ್ಟ ಅಂತ ಅಲ್ಲಿ ಹೇಳುವುದಿಲ್ಲ. ಹುಟ್ಟಿದ ಕೂಸು ಸೂರ್ಯನನ್ನು ಹಣ್ಣು ಅಂದುಕೊಂಡು ಹಾರಿದ್ದು, ಇಂದ್ರನ ವಜ್ರಾಯುಧಕ್ಕೆ ದವಡೆ ಮುರಿದದ್ದು ಎಲ್ಲ ಇದೆ.

ಆದರೆ ಕಿಷ್ಕಿಂಧೆ ಅಂದಾಗ ಜನರ ಮನಸ್ಸಿಗೆ ಬರುವುದು ಆನೆಗೊಂದಿ, ಹಂಪೆಯೇ. ಒಂದು ಸುತ್ತು ಹಾಕಿ ನೋಡಿ. ಪಂಪಾ ಸರೋವರ, ಋಷ್ಯಮೂಕ, ಮತಂಗ ಬೆಟ್ಟ, ರಾಮ ಮಳೆಗಾಲ ಕಳೆದ ಮಾಲ್ಯವಂತ, ವಾಲಿಗೆ ಬಾಣ ಬಿಟ್ಟ ಜಾಗ ಎನ್ನುವ ಚಿಂತಾಮಣಿ, ಎಲ್ಲವೂ ನಡೆದು ಮುಟ್ಟುವಷ್ಟು ದೂರದಲ್ಲಿವೆ. ಹತ್ತಿರದಲ್ಲೇ ವ್ಯಾಸರಾಯರ ಯಂತ್ರೋದ್ಧಾರಕ ಹನುಮ. ಅವರು ನಾಡಿನ ಉದ್ದಗಲಕ್ಕೆ 732 ಹನುಮಂತನ ಗುಡಿ ಮಾಡಿಸಿದರು ಎಂಬುದು ನಂಬಿಕೆ. ಬೇರೆಯವರು ಬೆಟ್ಟ ಇಟ್ಟುಕೊಳ್ಳಲಿ. ಇಡೀ ಊರು ಇರುವುದು ನಿಮ್ಮ ಹತ್ತಿರ. ಅಂಜನಾದ್ರಿಗೆ ಹೋಗುವುದಾದರೆ ಬೆಳಗಿನ ಜಾವವೇ ಹೋಗಿ, 570ಕ್ಕೂ ಜಾಸ್ತಿ ಮೆಟ್ಟಿಲು, ಬೇಸಿಗೆಯಲ್ಲಿ ಬಂಡೆ ಕಾಯುತ್ತದೆ.

ವಾಲಿಯನ್ನು ಮರೆಯಲ್ಲಿ ನಿಂತು ಹೊಡೆದದ್ದು ರಾಮನಿಗೆ ಸರಿಯಾ? ನಮ್ಮ ಮನೆಯಲ್ಲಿ ಇದೇ ವಾದ. (ಕುಂದಾಪುರ)

ಕುಂದಾಪುರದವರ ಮನೆಯಲ್ಲಿ ಈ ವಾದ ನಡೆಯದಿದ್ದರೆ ಆಶ್ಚರ್ಯ ಆಗಬೇಕಿತ್ತು. ಕರಾವಳಿಯಲ್ಲಿ ಮಳೆಗಾಲ ಅಂದರೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಬರೀ ಮಾತು. ಅಲ್ಲಿ ವಾಲಿವಧೆ ಇಟ್ಟುಕೊಂಡರೆ ರಾಮನ ಅರ್ಥ ಹೇಳುವವನಿಗೆ ಆ ರಾತ್ರಿ ಕಷ್ಟ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಆ ಮಾತುಗಳನ್ನು ಹೇಳಿಕೊಂಡು ಓಡಾಡುತ್ತಾರೆ.

ಈ ವಾದ ಶುರುವಾದದ್ದು ಮೇಳದವರಿಂದಲ್ಲ. ವಾಲ್ಮೀಕಿಯೇ ವಾಲಿಗೆ ಬಾಯಿ ಕೊಟ್ಟಿದ್ದಾನೆ. ಎದೆಯಲ್ಲಿ ಬಾಣ ಇಟ್ಟುಕೊಂಡೇ ವಾಲಿ ಕೇಳುತ್ತಾನೆ. ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನನ್ನು ಹೊಡೆದೆಯಲ್ಲ, ಎದುರಿಗೆ ಬಂದಿದ್ದರೆ ನೀನು ಉಳಿಯುತ್ತಿದ್ದೆಯಾ? ನನ್ನ ಚರ್ಮ ಹೊದೆಯಲು ಬಾರದು, ಮಾಂಸ ತಿನ್ನಲು ಬಾರದು, ಯಾವುದಕ್ಕೆ ಕೊಂದೆ? ನನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ರಾವಣನ ಕೊರಳಿಗೆ ಹಗ್ಗ ಹಾಕಿ ಸೀತೆಯನ್ನು ತಂದುಕೊಡುತ್ತಿದ್ದೆ!

ರಾಮನ ಉತ್ತರ ಮೂರು ದಾರಿ ಹಿಡಿಯುತ್ತದೆ. ಈ ಭೂಮಿ ಇಕ್ಷ್ವಾಕು ವಂಶದ್ದು, ಭರತನ ಪರವಾಗಿ ತಪ್ಪಿಗೆ ಶಿಕ್ಷೆ ಕೊಡುವ ಹಕ್ಕು ನನಗಿದೆ. ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಅದಕ್ಕೆ ಸಾವೇ ಶಿಕ್ಷೆ. ನೀನು ಪ್ರಾಣಿ, ಬೇಟೆಯಲ್ಲಿ ಮರೆಯಿಂದ ಹೊಡೆದರೆ ದೋಷವಿಲ್ಲ.

ಎರಡನೆಯದು ಗಟ್ಟಿ. ಮೂರನೆಯದರಲ್ಲಿ ಜಾರುತ್ತದೆ. ತಾಳಮದ್ದಳೆಯ ವಾಲಿ ಕಾದಿರುವುದೂ ಅದಕ್ಕೇ: ನಾನು ಪ್ರಾಣಿಯಾದರೆ ತಮ್ಮನ ಹೆಂಡತಿ ಅನ್ನೋ ಮನುಷ್ಯರ ಕಾನೂನು ನನಗೆ ಯಾಕೆ, ನಾನು ಮನುಷ್ಯನಿಗೆ ಸಮ ಅನ್ನೋದಾದರೆ ಬೇಟೆಯ ಮಾತು ಯಾಕೆ? ನನ್ನ ಅಭಿಪ್ರಾಯ ಕೇಳಿದರೆ ರಾಮ ಶಿಕ್ಷೆ ಕೊಟ್ಟದ್ದು ಸರಿ, ಕೊಟ್ಟ ರೀತಿ ಸರಿಯಲ್ಲ. ಮನೆಯಲ್ಲಿ ಇದನ್ನು ತೀರ್ಪು ಅಂತ ತೋರಿಸಬೇಡಿ, ವಾದ ನಿಂತುಹೋದರೆ ಮಳೆಗಾಲ ಕಳೆಯುವುದು ಹೇಗೆ?

ರಾವಣನಿಗೆ ನಿಜವಾಗಿ ಹತ್ತು ತಲೆ ಇತ್ತಾ? ಮಗಳು ಮಲಗುವುದು ಹೇಗೆ ಎಂದು ಕೇಳುತ್ತಾಳೆ. (ಶಿವಮೊಗ್ಗ)

ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ ಮಗಳು. ಜೈನ ರಾಮಾಯಣದವರಿಗೂ ಇದು ತೊಡಕಾಗಿ ಕಂಡಿತ್ತು. ಅವರು ಕೊಟ್ಟ ಉತ್ತರ ಹೀಗೆ: ರಾವಣ ಕೂಸಾಗಿದ್ದಾಗ ಕೊರಳಿಗೆ ಹಾಕಿದ ಹಾರದಲ್ಲಿ ಒಂಬತ್ತು ರತ್ನಗಳಿದ್ದವು, ಒಂದೊಂದರಲ್ಲೂ ಅವನ ಮುಖ ಕಂಡಿತು, ಅದಕ್ಕೇ ದಶಮುಖ ಎಂದು ಹೆಸರಿಟ್ಟರು. ಕಪಿಗಳೂ ಅಲ್ಲಿ ಕಪಿಗಳಲ್ಲ, ಬಾವುಟದಲ್ಲಿ ಕಪಿಯ ಚಿತ್ರ ಇಟ್ಟುಕೊಂಡ ವಿದ್ಯಾಧರರು. ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ.

ಕನ್ನಡದಲ್ಲಿ ಈ ದಾರಿ ಹಿಡಿದವನು ನಾಗಚಂದ್ರ. ಅಭಿನವ ಪಂಪ ಎಂದು ಕರೆದುಕೊಂಡವನು. ಅವನ ರಾವಣ, ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ ಎಂದು ವ್ರತ ಹಿಡಿದವನು. ಸೀತೆಯ ಗೋಳು ನೋಡಿ ಒಂದು ದಿನ ಅವನ ಮನಸ್ಸೇ ತಿರುಗುತ್ತದೆ, ತಪ್ಪು ಮಾಡಿದೆ ಎಂದು ಗೊತ್ತಾಗುತ್ತದೆ. ಸಮುದ್ರವೂ ಒಮ್ಮೊಮ್ಮೆ ಕಾಲವಶದಿಂದ ದಡ ಮೀರುತ್ತದಲ್ಲ ಎಂದು ಕವಿಯೇ ಅವನ ಪರ ಮಾತಾಡುತ್ತಾನೆ. ಹಾಗಾದರೆ ಸೀತೆಯನ್ನು ಕಳಿಸಿಕೊಡಬಹುದಿತ್ತಲ್ಲ? ಇಲ್ಲ. ಈಗ ಕೊಟ್ಟರೆ ಹೆದರಿದ ಅಂತಾರೆ, ಮೊದಲು ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಸೆರೆ ಹಿಡಿದು ಆಮೇಲೆ ಮರ್ಯಾದೆಯಿಂದ ಕೊಡುತ್ತೇನೆ ಅಂತ ಹೊರಡುತ್ತಾನೆ. ಅಲ್ಲಿಗೆ ಮುಗಿಯಿತು. ಮಗಳಿಗೆ ರತ್ನದ ಹಾರದ ಕಥೆ ಹೇಳಿ. ಉಳಿದದ್ದು ದೊಡ್ಡವಳಾದ ಮೇಲೆ ಸಾಕು.

ದ್ರೌಪದಿ ನಕ್ಕಿದ್ದರಿಂದಲೇ ಮಹಾಭಾರತ ಯುದ್ಧ ಆಯಿತು ಎಂದು ನಮ್ಮ ಮಾವನವರು ಯಾವಾಗಲೂ ಹೇಳುತ್ತಾರೆ. (ಬೆಂಗಳೂರು)

ಮಾವನವರಿಗೆ ನಮಸ್ಕಾರ ಹೇಳಿ, ಇದನ್ನು ಓದಿ ಹೇಳಿ. ಮಯ ಪಾಂಡವರಿಗೆ ಕಟ್ಟಿಕೊಟ್ಟ ಸಭೆಯಲ್ಲಿ ನೆಲ ಅಂದುಕೊಂಡು ದುರ್ಯೋಧನ ನೀರಿಗೆ ಬೀಳುತ್ತಾನೆ. ಆಗ ನಕ್ಕವರು ಭೀಮ, ಅರ್ಜುನ, ನಕುಲ ಸಹದೇವರು, ಮನೆಯ ಆಳುಗಳು. ಪುಣೆಯ ಭಂಡಾರ್ಕರ್ ಸಂಸ್ಥೆಯವರು ಹಸ್ತಪ್ರತಿಗಳನ್ನು ಹೋಲಿಸಿ 1966ರ ಹೊತ್ತಿಗೆ ಮುಗಿಸಿದ ಪರಿಷ್ಕರಣದಲ್ಲಿ, ಬಿದ್ದ ಆ ಹೊತ್ತಿನಲ್ಲಿ ದ್ರೌಪದಿಯ ಹೆಸರಿಲ್ಲ. ಕುರುಡನ ಮಗ ಕುರುಡ ಎಂಬ ಮಾತಂತೂ ಇಲ್ಲವೇ ಇಲ್ಲ. ದ್ರೌಪದಿ ಹೆಂಗಸರ ಜೊತೆ ನಕ್ಕಳು ಎಂಬುದು ಬರುವುದು ಆಮೇಲೆ, ಊರಿಗೆ ಹೋಗಿ ದುರ್ಯೋಧನ ತನ್ನ ಅಪ್ಪನ ಮುಂದೆ ದೂರು ಹೇಳುವಾಗ. ಹೊಟ್ಟೆಕಿಚ್ಚಿನಿಂದ ಕುದಿಯುತ್ತಿದ್ದವನ ಬಾಯಿಂದ ಬಂದ ಮಾತು ಅದು. ಗಂಡಸರು ಜೂಜು, ರಾಜ್ಯ, ಹಟ ಅಂತ ಕಟ್ಟಿದ ಯುದ್ಧದ ಹೊರೆಯನ್ನು ಒಂದು ನಗುವಿನ ಮೇಲೆ ಹಾಕುವುದು ಸುಲಭ, ಅಲ್ವಾ?

ನೀವು ಬೆಂಗಳೂರಿನವರು. ಚೈತ್ರದ ಹುಣ್ಣಿಮೆ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಗೆ ಮಾವನವರನ್ನು ಕರೆದುಕೊಂಡು ಹೋಗಿ. ಅಲ್ಲಿ ದ್ರೌಪದಿ ಶಕ್ತಿದೇವತೆ. ಪಾಂಡವರು ಸ್ವರ್ಗಕ್ಕೆ ಹೋಗುವಾಗ ಹಿಂದೆ ಉಳಿದ ಅವಳಿಗೆ ತಿಮಿರಾಸುರ ಎದುರಾದ, ಅವಳು ವೀರಕುಮಾರರನ್ನು ಹುಟ್ಟಿಸಿ ಅವನನ್ನು ಕೊಂದಳು, ವರ್ಷಕ್ಕೊಮ್ಮೆ ಬರುತ್ತೇನೆ ಎಂದು ಅವರಿಗೆ ಮಾತು ಕೊಟ್ಟಳು. ಆ ಮಾತಿನಂತೆ ಬರುವುದೇ ಕರಗ. ತಿಗಳ ಸಮುದಾಯದ ಪೂಜಾರಿ ಸೀರೆ ಉಟ್ಟು, ಬಳೆ ತೊಟ್ಟು, ತಲೆಯ ಮೇಲೆ ಹೂವಿನ ಕರಗ ಹೊತ್ತು, ಕೈಯಲ್ಲಿ ಹಿಡಿಯದೆ ರಾತ್ರಿಯೆಲ್ಲ ನಡೆಯುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ದಾರಿಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಅಲ್ಲಿ ನಿಂತ ಯಾರೂ ದ್ರೌಪದಿಯ ನಗುವಿನ ಮಾತು ಆಡುವುದಿಲ್ಲ.

ಮಕ್ಕಳಿಗೆ ಥಾರ್, ಜೀಯಸ್, ಹರ್ಕ್ಯುಲಿಸ್ ಗೊತ್ತು. ಭೀಮ ಗೊತ್ತಿಲ್ಲ. ಏನು ಮಾಡಲಿ? (ನ್ಯೂಜೆರ್ಸಿ, ಅಮೆರಿಕ)

ಗಾಬರಿ ಬೇಡ. ಥಾರ್ ಗೊತ್ತಿದ್ದರೆ ಭೀಮನನ್ನು ಪರಿಚಯ ಮಾಡಿಸುವುದು ಬಹಳ ಸುಲಭ. ಸಿನಿಮಾದ ಥಾರ್ ಅಲ್ಲ, ಉತ್ತರ ಯುರೋಪಿನ ಹಳೆಯ ಹಾಡುಗಳ ಥಾರ್. ಅವನ ಸುತ್ತಿಗೆಯನ್ನು ತ್ರಿಮ್ ಎಂಬ ದೈತ್ಯ ಕದಿಯುತ್ತಾನೆ. ದೇವಕನ್ಯೆ ಫ್ರೇಯಾಳನ್ನು ಮದುವೆ ಮಾಡಿಕೊಟ್ಟರೆ ವಾಪಸ್ ಕೊಡುತ್ತೇನೆ ಅನ್ನುತ್ತಾನೆ. ಅವಳು ಒಲ್ಲೆ ಅಂದಾಗ ಥಾರ್‌ಗೇ ಮದುಮಗಳ ಬಟ್ಟೆ ಹಾಕಿ, ಮುಸುಕು ಹೊದಿಸಿ ಕಳಿಸುತ್ತಾರೆ. ಮದುವೆ ಊಟದಲ್ಲಿ ಮದುಮಗಳು ಒಂದು ಇಡೀ ಎತ್ತು, ಎಂಟು ಮೀನು ತಿಂದು, ಮೂರು ಪೀಪಾಯಿ ಕುಡಿಯುತ್ತಾಳೆ. ದೈತ್ಯ ಬೆಚ್ಚಿಬೀಳುತ್ತಾನೆ. ಜೊತೆಗೆ ಬಂದ ಲೋಕಿ, ಪಾಪ, ನಿನ್ನನ್ನು ನೆನೆದು ಎಂಟು ರಾತ್ರಿ ಊಟ ಬಿಟ್ಟಿದ್ದಳು ಅಂತಾನೆ. ಸುತ್ತಿಗೆ ಮಡಿಲಿಗೆ ಬಂದ ಕೂಡಲೇ ಮದುಮಗಳು ಎಲ್ಲರನ್ನೂ ಚಚ್ಚಿ ಹಾಕುತ್ತಾಳೆ.

ಇದನ್ನು ಹೇಳಿ ಮಕ್ಕಳು ನಗುತ್ತಿರುವಾಗಲೇ ಕೀಚಕನ ಕಥೆ ಶುರು ಮಾಡಿ. ಕತ್ತಲ ನಾಟ್ಯಶಾಲೆ, ಒಳಗೆ ಸೈರಂಧ್ರಿ, ಅಂದರೆ ವೇಷ ಮರೆಸಿಕೊಂಡ ದ್ರೌಪದಿ, ಕಾದಿದ್ದಾಳೆ ಅಂದುಕೊಂಡು ಗಂಧ ಪೂಸಿಕೊಂಡು ಬಂದ ಕೀಚಕ, ಅಲ್ಲಿರುವವನು ವಿರಾಟನ ಅಡುಗೆಮನೆಯ ಭೀಮ. ನಮ್ಮ ಯಕ್ಷಗಾನ, ನಾಟಕಗಳಲ್ಲಿ ಅವನಿಗೆ ಸೀರೆಯನ್ನೂ ಉಡಿಸುತ್ತಾರೆ. ಊಟದ ಕಥೆಗೆ ಬಕಾಸುರನ ಬಂಡಿ ಇದ್ದೇ ಇದೆ.

ಇಲ್ಲಿಯದು ಅಲ್ಲಿಯದು ಎಂದು ಗೋಡೆ ಕಟ್ಟಬೇಡಿ. ಬಿ.ಎಂ.ಶ್ರೀ ಅವರೇ ಕಟ್ಟಲಿಲ್ಲ. ಟ್ರಾಯ್ ಯುದ್ಧದ ವೀರ ಅಯಾಸ್, ಸತ್ತ ಅಕಿಲೀಸನ ಕವಚ ತನಗೆ ಸಿಗಲಿಲ್ಲ ಎಂದು ಕುದಿದು, ಬುದ್ಧಿ ಕೆಟ್ಟು, ಶತ್ರುಗಳು ಅಂದುಕೊಂಡು ದನ ಕುರಿಗಳನ್ನು ಕಡಿದು ಹಾಕುತ್ತಾನೆ. ಸೊಫೊಕ್ಲಿಸ್ ಬರೆದ ಆ ನಾಟಕವನ್ನು ಶ್ರೀಯವರು ತಂದು ಕೂರಿಸಿದ್ದು ಅಶ್ವತ್ಥಾಮನ ಮೇಲೆ, 1929ರಲ್ಲಿ. ರಾತ್ರಿ ಮಲಗಿದ್ದವರನ್ನು ಕೊಂದ ಅಶ್ವತ್ಥಾಮನಿಗೆ ಆ ಅಂಗಿ ಎಷ್ಟು ಸರಿಯಾಗಿ ಹೊಂದಿತು ನೋಡಿ. ನಿಮ್ಮ ಮಕ್ಕಳು ಹೈಸ್ಕೂಲಿಗೆ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಓದಲಿ.

ದೇವರೇ ತುಳಿದ ಬಲಿಯನ್ನು ನಾವು ದೀಪಾವಳಿಯಲ್ಲಿ ಯಾಕೆ ಕರೆಯುತ್ತೇವೆ? (ಪುತ್ತೂರು)

ದಾನ ಕೊಟ್ಟು ಕೆಟ್ಟವನು ಅವನು. ಗುರು ಶುಕ್ರಾಚಾರ್ಯ, ಈ ಕುಳ್ಳ ಹುಡುಗ ಸಾಮಾನ್ಯನಲ್ಲ, ಕೊಡಬೇಡ ಅಂದರೂ ಕೇಳದೆ ಮೂರು ಹೆಜ್ಜೆ ಕೊಟ್ಟ, ಮೂರನೆಯದಕ್ಕೆ ತಲೆ ಕೊಟ್ಟ. ವರ್ಷಕ್ಕೊಮ್ಮೆ ಬಂದು ಪ್ರಜೆಗಳನ್ನು ನೋಡುವ ವರ ಸಿಕ್ಕಿತು. ಕೇರಳದವರಿಗೆ ಓಣಂನಲ್ಲಿ ಬರುತ್ತಾನೆ, ನಮಗೆ ಬಲಿಪಾಡ್ಯಮಿಗೆ. ನಿಮ್ಮ ಕಡೆ ಗದ್ದೆಯಲ್ಲಿ ದೀಪ ಇಟ್ಟು, ಅವಲಕ್ಕಿ ಹಾಕಿ, ಕೂ ಹಾಕಿ ಕರೆಯುತ್ತೀರಲ್ಲ, ಆ ತುಳು ಮಾತುಗಳನ್ನು ಗಮನವಿಟ್ಟು ಕೇಳಿ. ಕಲ್ಲು ಕಾಯಿ ಬಿಟ್ಟಾಗ, ಉದ್ದಿನಕಾಳು ಮದ್ದಳೆಯಾದಾಗ, ತುಂಬೆ ಗಿಡದ ಬುಡದಲ್ಲಿ ಕೂಟ ಸೇರಿದಾಗ ನಿನ್ನ ರಾಜ್ಯ ಆಳಲು ಬಾ ಎನ್ನುತ್ತಾರೆ. ಅಂದರೆ ಎಂದೂ ಆಗದ ದಿನ. ಅವನ ರಾಜ್ಯ ಅವನಿಗೆ ಸಿಗುವುದಿಲ್ಲ ಅಂತ ಗೊತ್ತಿದ್ದೂ ಪ್ರತಿ ವರ್ಷ ಅವನನ್ನು ಕರೆದು ಉಪಚಾರ ಮಾಡುವ ಜನ ನಾವು. ಹಾಸನದವರ ಮೊದಲ ಪ್ರಶ್ನೆಗೆ ಇದೂ ಒಂದು ಉತ್ತರ ಅಂದುಕೊಳ್ಳಬಹುದು.

ಎಲ್ಲರ ಇಷ್ಟ ಕೇಳಿದಿರಿ. ನಿಮಗೆ ಯಾರು ಇಷ್ಟ? (ಧಾರವಾಡ)

ನಗಬೇಡಿ. ಉತ್ತರಕುಮಾರ.

ಉತ್ತರನ ಪೌರುಷ ಒಲೆ ಮುಂದೆ ಅಂತ ಗಾದೆ ಮಾಡಿಟ್ಟಿದ್ದೇವೆ. ಕುಮಾರವ್ಯಾಸ ಅವನನ್ನು ಇಟ್ಟುಕೊಂಡು ಮಾಡಿರುವ ತಮಾಷೆಗೆ ಸಾಟಿಯಿಲ್ಲ. ಹೆಂಗಸರ ನಡುವೆ ಕೂತು ಭೀಷ್ಮ ದ್ರೋಣ ಕರ್ಣ ಎಲ್ಲರನ್ನೂ ಬಾಯಲ್ಲೇ ಸೋಲಿಸುತ್ತಾನೆ. ಕೌರವರ ಸೇನೆ ಕಂಡ ಕೂಡಲೇ ರಥದಿಂದ ಧುಮುಕಿ ಓಡುತ್ತಾನೆ. ವ್ಯಾಸರಲ್ಲಿ ಇನ್ನೂ ಮಜವಾಗಿದೆ. ಹಿಡಿದ ಬೃಹನ್ನಳೆಗೆ, ಅಂದರೆ ವೇಷ ಮರೆಸಿಕೊಂಡ ಅರ್ಜುನನಿಗೆ, ಲಂಚ ಕೊಡಲು ನೋಡುತ್ತಾನೆ: ನೂರು ಚಿನ್ನದ ನಾಣ್ಯ, ಎಂಟು ವೈಡೂರ್ಯ, ಒಂದು ರಥ, ಹತ್ತು ಮದ್ದಾನೆ, ನನ್ನನ್ನು ಬಿಟ್ಟುಬಿಡು ತಾಯಿ!

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. ಮುಂದಿನದನ್ನು ಯಾರೂ ಹೇಳುವುದಿಲ್ಲ. ಅದೇ ಹುಡುಗ ಕುದುರೆಯ ಲಗಾಮು ಹಿಡಿದು ಅರ್ಜುನನ ರಥವನ್ನು ಭೀಷ್ಮ, ದ್ರೋಣ, ಕರ್ಣರ ಬಾಣಗಳ ನಡುವೆ ನುಗ್ಗಿಸುತ್ತಾನೆ. ಊರಿಗೆ ಬಂದಾಗ ಅಪ್ಪ, ಮಗನೇ ಗೆದ್ದ ಎಂದು ಹಿಗ್ಗುತ್ತಾನೆ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಉತ್ತರ, ಗೆದ್ದವನು ನಾನಲ್ಲ, ಯಾರೋ ದೇವರ ಮಗ ಅನ್ನುತ್ತಾನೆ. ಇಷ್ಟು ಬಡಾಯಿ ಕೊಚ್ಚಿದವನ ಬಾಯಿಂದ ಈ ಮಾತು ಬರುವುದು ಸಣ್ಣದಲ್ಲ.

ಆಮೇಲೆ ಕುರುಕ್ಷೇತ್ರದ ಮೊದಲ ದಿನ. ಉತ್ತರ ಆನೆ ಹತ್ತಿ ಶಲ್ಯನ ಮೇಲೆ ಹೋಗುತ್ತಾನೆ. ಶಲ್ಯ ಅಂದರೆ ಮದ್ರ ದೇಶದ ದೊರೆ, ನಕುಲ ಸಹದೇವರ ಸೋದರಮಾವ, ಪಳಗಿದ ಕೈ. ಉತ್ತರನ ಆನೆ ಶಲ್ಯನ ರಥದ ನಾಲ್ಕೂ ಕುದುರೆಗಳನ್ನು ತುಳಿದು ಕೊಲ್ಲುತ್ತದೆ. ಕುದುರೆಯಿಲ್ಲದ ರಥದಲ್ಲೇ ನಿಂತು ಶಲ್ಯ ಕಬ್ಬಿಣದ ಶಕ್ತ್ಯಾಯುಧ ಎಸೆಯುತ್ತಾನೆ. ಅದು ಕವಚ ಸೀಳಿಕೊಂಡು ಹೋಗುತ್ತದೆ, ಅಂಕುಶ ಕೈಯಿಂದ ಜಾರುತ್ತದೆ, ಹುಡುಗ ಆನೆಯ ಹೆಗಲಿನಿಂದ ಬೀಳುತ್ತಾನೆ. ಓಡಿಹೋಗಲಿಲ್ಲ.

ವಿರಾಟಪರ್ವದ ಉತ್ತರನನ್ನು ಮೇಳಗಳಲ್ಲಿ ಸಾಕಷ್ಟು ಆಡುತ್ತಾರೆ. ಭೀಷ್ಮಪರ್ವದ ಈ ಉತ್ತರನನ್ನು ನಿಮ್ಮ ಊರಿನ ಕಡೆ ಯಾರಾದರೂ ರಂಗಕ್ಕೆ ತಂದಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.